ಮುಟ್ಟಿದರೆ ಮಂತ್ರ ಹೋಗುತ್ತಂತೆ



ಸ್ವಲ್ಪ ಉದ್ದ ಇದೆ, ಪುರುಸೊತ್ತಲ್ಲಿ ಓದಿ. ಬ್ಯಾಕ್‌ಲಾಗ್ ಹುದ್ದೆ, ಒಳಮೀಸಲಾತಿ, ಪಿಟಿಸಿಎಲ್ ಕೇಸು ಎಲ್ಲಾ ಬಿಟ್ಟು ಈ ಮನುಷ್ಯ ಹುಡುಗರ ಆಟದ ಬಗ್ಗೆ ಬರೀತಾ ಕೂತಿದ್ದಾನಲ್ಲ ಅಂತ ಕೆಲವರಿಗೆ ಅನ್ನಿಸುತ್ತೆ. ಅನ್ನಿಸಲಿ. ಎರಡು ವಾರದಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಅದಕ್ಕೆ ಕಾರಣ ನಮ್ಮದೇ ಮನೆ ಹಾಲ್‌ನಲ್ಲಿ, ನಾನೇ ಟೀ ಕೊಟ್ಟು ಕೂರಿಸಿದ ಐದು ಜನ ಹುಡುಗರು ಆಡಿದ ಆಟ.

ನಮ್ಮ ಅಕ್ಕನ ಮಗ ಇಂಜಿನಿಯರಿಂಗ್ ಓದ್ತಾ ನಮ್ಮ ಮನೇಲೇ ಇದ್ದಾನೆ. ಅವನ ಕಾಲೇಜಿನ ಗೆಳೆಯರು ತಿಂಗಳಿಗೆರಡು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟ ಆಡ್ತಾರೆ. ಗೊತ್ತಿಲ್ಲದವರಿಗೆ ಹೇಳ್ತೀನಿ. ಇದು ಮೊಬೈಲ್ ಆಟ ಅಲ್ಲ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ಬಾಯಲ್ಲೇ ಕಥೆ ಕಟ್ಟೋದು. ಡಂಜನ್ ಮಾಸ್ಟರ್ ಅಂತ ಒಬ್ಬ ಇರ್ತಾನೆ, ಡಿಎಂ ಅಂತಾರೆ. ನಮ್ಮ ಬಯಲಾಟದ ಭಾಗವತರ ಥರ ಅಂದ್ಕೊಳ್ಳಿ, ಕಥೆ ಅವನ ಕೈಲಿ. ಕತ್ತಿ ಬೀಸಿದರೆ ತಗುಲಿತಾ ಇಲ್ವಾ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಅಮೆರಿಕದಲ್ಲಿ ಅಚ್ಚು ಹಾಕಿಸಿದ ಆಟ. ಹುಡುಗರು ನಗ್ತಾ ಆಡ್ತಾರೆ, ಇಂಗ್ಲಿಷ್ ಕನ್ನಡ ಎರಡೂ ಬೆರೆಸಿ ಕಿರುಚಾಡ್ತಾರೆ. ಕೇಳೋಕೆ ಖುಷಿನೇ ಆಗೋದು.

ಇದರಲ್ಲಿ ಕ್ಲೆರಿಕ್ ಅಂತ ಒಂದು ವರ್ಗದ ಪಾತ್ರ ಇದೆ. ದೇವರ ಶಕ್ತಿಯಿಂದ ಮಂತ್ರ ಹಾಕೋ ಪೂಜಾರಿ. ಗಾಯ ವಾಸಿ ಮಾಡ್ತಾನೆ, ದೆವ್ವ ಓಡಿಸ್ತಾನೆ. ಇವನು ಹುಟ್ಟಿದ ಕಥೆ ಗೊತ್ತಾದಾಗ ನನಗೆ ನಗು ಬಂತು. ಆರ್ನೆಸನ್ ತನ್ನ ಊರು ಮಿನೆಸೋಟಾದಲ್ಲಿ ನಡೆಸ್ತಿದ್ದ ಆಟದಲ್ಲಿ ಒಬ್ಬ ರಕ್ತ ಹೀರೋ ವ್ಯಾಂಪೈರ್ ಪಾತ್ರ ಆಗಿ ಯಾರ ಕೈಗೂ ಸಿಗದಷ್ಟು ಬೆಳೆದುಬಿಟ್ಟನಂತೆ. ಅವನನ್ನ ತಡೆಯೋಕೆ ಅಂತಲೇ ಕ್ಲೆರಿಕ್ ವರ್ಗವನ್ನ ಸೃಷ್ಟಿ ಮಾಡಿದ್ದು. ರಕ್ತ ಹೀರೋನನ್ನ ನಿಲ್ಲಿಸೋಕೆ ಹುಟ್ಟಿದ ಪೂಜಾರಿ! ನಮ್ಮ ಕಡೆ ಈ ಇಬ್ಬರೂ ಒಂದೇ ಮನೇಲಿ ಇದ್ದದ್ದೇ ಹೆಚ್ಚು.

ನಮ್ಮ ಹುಡುಗನಿಗೆ ಕ್ಲೆರಿಕ್ ಆಗೋ ಆಸೆ. ಯಾವ ಥರದ ಕ್ಲೆರಿಕ್ ಅಂದರೆ ಅಸಾದಿ. ನನ್ನ ತಾತ, ಅಂದರೆ ಅವನ ಮುತ್ತಾತ, ಮಾರಮ್ಮನ ಅಸಾದಿ ಆಗಿದ್ದವರು. ಜಾತ್ರೇಲಿ ರಾತ್ರಿಯೆಲ್ಲಾ ತಮಟೆ ಹಿಡಿದು ಅಮ್ಮನ ಕಥೆ ಹಾಡ್ತಿದ್ದರು, ಅಮ್ಮನ್ನೇ ಬಾಯಿಗೆ ಬಂದಂಗೆ ಬೈತಿದ್ದರು. ಊರಗೌಡನೂ ಆ ಒಂದು ರಾತ್ರಿ ಕೈಕಟ್ಟಿ ನಿಲ್ಲಬೇಕಿತ್ತು. ಮಾರನೇ ದಿನ ಅದೇ ಗೌಡನ ಮನೆ ಹಿತ್ತಲಲ್ಲಿ ತಾತ ತಲೆ ಬಗ್ಗಿಸಿ ಕೂಳಿಗೆ ನಿಲ್ಲಬೇಕಿತ್ತು, ಅದು ಬೇರೆ ಮಾತು. ನಮ್ಮಪ್ಪ ತಮಟೆ ಮುಟ್ಟಲಿಲ್ಲ. ಸಂಘಟನೆ ಕಾಲದಲ್ಲಿ, ಬಿಟ್ಟಿ ಬಡಿಯೋ ತಮಟೆ ಬಿಸಾಡಿ ಅಂತ ಹಟ್ಟಿ ಹಟ್ಟಿಗೆ ಹೋಗಿ ಹೇಳಿದ್ದು ನಾವೇ. ಅದು ಆಗ ಸರಿ, ಈಗಲೂ ಸರಿ. ಆದರೆ ಈ ಹುಡುಗ ಅಜ್ಜಿ ಬಾಯಲ್ಲಿ ಕೇಳಿದ ಮುತ್ತಾತನ್ನ ಒಂದು ಆಟದೊಳಗೆ, ಯಾರ ಹಿತ್ತಲಿಗೂ ಹೋಗದ ಹಾಗೆ, ತಲೆಯೆತ್ತಿ ನಿಲ್ಲಿಸೋಣ ಅಂತ ಹೊರಟಿದ್ದ. ನೋಟ್‌ಬುಕ್ಕಲ್ಲಿ ನಾಲ್ಕು ಪುಟ ಬರೆದಿದ್ದ. ಓದಿ ನನ್ನ ಕಣ್ಣು ತುಂಬಿತು, ಅವನಿಗೆ ತೋರಿಸಲಿಲ್ಲ.

ಡಿಎಂ ಹುಡುಗ ಕೆಟ್ಟವನಲ್ಲ. ಅಂಕಲ್ ಅಂಕಲ್ ಅಂತಾನೆ, ಲೋಟ ತಾನೇ ತೊಳೆದಿಡ್ತಾನೆ. ನಮ್ಮ ಮನೇಲಿ ಊಟಾನೂ ಮಾಡಿದ್ದಾನೆ. ಅವನು ಪುಸ್ತಕದ ಪರದೇಶಿ ಲೋಕ ಬೇಡ ಅಂತ ನಮ್ಮ ನಾಡಿನ ಥರದ ಒಂದು ರಾಜ್ಯ ಕಟ್ಟಿದ್ದ. ಒಳ್ಳೇದೇ. ಅದಕ್ಕೆ ಒಂದು ಪುಟ ಹೌಸ್ ರೂಲ್ಸ್ ಟೈಪ್ ಮಾಡಿ ತಂದಿದ್ದ, ಅಂದರೆ ಪುಸ್ತಕದಲ್ಲಿ ಇಲ್ಲದ, ಈ ಮೇಜಿಗೆ ಮಾತ್ರ ಅನ್ವಯಿಸೋ ನಿಯಮ. ಕ್ಲೆರಿಕ್ ಆಗಬೇಕಾದರೆ ಅರ್ಚಕ ಕುಲದಲ್ಲಿ ಹುಟ್ಟಿರಬೇಕು. ಬೇರೆ ಕುಲದವನು ಮಂತ್ರ ಕಲಿತರೆ ಅರ್ಧ ಶಕ್ತಿ. ಹೊರಕೇರಿ ಕುಲದವರನ್ನ ಮುಟ್ಟಿದ ಕ್ಲೆರಿಕ್ ಆ ದಿನ ಉಳಿದ ಮಂತ್ರಗಳನ್ನೆಲ್ಲಾ ಕಳ್ಕೋತಾನೆ, ಹರಿಯೋ ನೀರಲ್ಲಿ ಮಿಂದು ಒಂದು ರಾತ್ರಿ ಮಲಗಿ ಎದ್ದ ಮೇಲೆ ವಾಪಸ್ ಬರುತ್ತೆ. ಮೈಲಿಗೆ ಅನ್ನೋ ಪದ ಇರಲಿಲ್ಲ. ಇಂಗ್ಲಿಷಲ್ಲಿ ಚೆಂದವಾಗಿತ್ತು.

ಅಸಾದಿ ವಿಚಾರಕ್ಕೆ ಡಿಎಂ ಹೇಳಿದ್ದು: "ಮಗಾ, ಹಾಡ್ತಾನೆ ಬಾರಿಸ್ತಾನೆ ಅಂದರೆ ಅದು ಕ್ಲೆರಿಕ್ ಅಲ್ಲ, ಬಾರ್ಡ್." ಬಾರ್ಡ್ ಅಂದರೆ ಹಾಡುಗಾರ, ಅದು ಇನ್ನೊಂದು ವರ್ಗ. ನೋಡಿ ಎಷ್ಟು ಸಲೀಸಾಗಿ ಆಯ್ತು. ದೇವರ ಜೊತೆ ನೇರ ಮಾತಾಡ್ತಿದ್ದ ಮನುಷ್ಯ ಒಂದೇ ವಾಕ್ಯದಲ್ಲಿ ವಾದ್ಯದವನಾಗಿಬಿಟ್ಟ. ನಮ್ಮ ಜನಪದ ತಜ್ಞರು ಇಷ್ಟು ವರ್ಷ ಮಾಡಿದ್ದೂ ಇದೇ ತಾನೇ? ಅವರು ಮಾಡಿದರೆ ಪೂಜೆ, ನಾವು ಮಾಡಿದರೆ ಕಲೆ. ಅವರದ್ದಕ್ಕೆ ಆಗಮ, ನಮ್ಮದಕ್ಕೆ ಅಕಾಡೆಮಿ. ತಮಟೆ ಹಿಡಿದ ಅಂತ ಪಾತ್ರಕ್ಕೆ ಹೊರಕೇರಿ ಕುಲಾನೂ ಅವನೇ ಬರೆದುಕೊಟ್ಟ. ನಮ್ಮ ಹುಡುಗ ಸರಿ ಅಂದ. ಯಾಕೆ ಸರಿ ಅಂದೆ ಅಂತ ನಾನು ಆಮೇಲೆ ಕೇಳಿದೆ. "ಹೋಗ್ಲಿ ಬಿಡಿ ಮಾವ, ಗೇಮ್ ಅಲ್ವಾ" ಅಂದ. ನಾನೂ ಹದಿನೆಂಟನೇ ವಯಸ್ಸಲ್ಲಿ ಹಾಸ್ಟೆಲ್ಲಲ್ಲಿ, ಆಮೇಲೆ ಕಚೇರಿಯಲ್ಲಿ, ಇದೇ ಹೋಗ್ಲಿ ಬಿಡಿ ಅಂದಿದ್ದೀನಿ. ಅದರ ರುಚಿ ನನಗೆ ಗೊತ್ತು.

ಈಗ ಆವತ್ತು ಆಗಿದ್ದು ಕೇಳಿ. ಇವರು ಆಡೋದು 2014ರ ಪುಸ್ತಕದ ಪ್ರಕಾರ. ಅದರಲ್ಲಿ ಗಾಯ ವಾಸಿ ಮಾಡೋ ಮೊದಲ ಮಂತ್ರ ಕ್ಯೂರ್ ವೂಂಡ್ಸ್. ಪ್ರತಿ ಮಂತ್ರಕ್ಕೂ ಎಷ್ಟು ದೂರಕ್ಕೆ ಕೆಲಸ ಮಾಡುತ್ತೆ ಅಂತ ಪುಸ್ತಕದಲ್ಲಿ ಬರೆದಿರ್ತಾರೆ. ಈ ಮಂತ್ರಕ್ಕೆ ಬರೆದಿರೋದು ಒಂದೇ ಪದ: ಸ್ಪರ್ಶ. ಗಾಯಗೊಂಡವನ ಮೈ ಮೇಲೆ ಕೈ ಇಟ್ಟರೇನೇ ಅದು ವಾಸಿ ಆಗೋದು. ಸಾಯ್ತಾ ಇರೋನನ್ನ ಹಿಡಿದು ನಿಲ್ಲಿಸೋ ಇನ್ನೊಂದು ಚಿಕ್ಕ ಮಂತ್ರ ಇದೆ, ಅದಕ್ಕೂ ಸ್ಪರ್ಶ. ವಿಷ, ರೋಗ ಕಳೆಯೋದಕ್ಕೂ ಸ್ಪರ್ಶ. ಅಮೆರಿಕದಲ್ಲಿ ಕೂತು ಬರೆದವರಿಗೆ ನಮ್ಮ ಕಥೆ ಏನೂ ಗೊತ್ತಿರಲಿಕ್ಕಿಲ್ಲ. ಆದರೂ ಪೂಜಾರಿಯ ಕೆಲಸ ಅಂದರೆ ಮುಟ್ಟೋದು ಅಂತಲೇ ಬರೆದಿದ್ದಾರೆ. ದೂರದಿಂದ ಹಾಕೋ ಹೀಲಿಂಗ್ ವರ್ಡ್ ಅಂತ ಒಂದಿದೆ, 60 ಅಡಿ ಆಚೆಯಿಂದಲೂ ಆಗುತ್ತೆ, ಆದರೆ ಗುಣ ಕಮ್ಮಿ. ಕ್ಯೂರ್ ವೂಂಡ್ಸ್‌ಗೆ ಎಂಟು ಮುಖದ ದಾಳ, ಅದಕ್ಕೆ ನಾಲ್ಕು ಮುಖದ್ದು. ಆವತ್ತು ಇವರ ಕ್ಲೆರಿಕ್ ಅದನ್ನ ಸಿದ್ಧ ಮಾಡ್ಕೊಂಡಿರಲಿಲ್ಲ.

ಯಾವುದೋ ಪಾಳು ಕೋಟೆಯಲ್ಲಿ ಜಗಳ. ನಮ್ಮ ಹುಡುಗನ ಅಸಾದಿ ಬಿದ್ದ, ಜೀವ ಸೊನ್ನೆ. ಹಾಗೆ ಬಿದ್ದವನು ತನ್ನ ಸರದಿ ಬಂದಾಗಲೆಲ್ಲಾ ದಾಳ ಹಾಕಬೇಕು. ಹತ್ತು ಅಥವಾ ಮೇಲೆ ಬಂದರೆ ಒಂದು ಗೆಲುವು, ಕೆಳಗೆ ಬಂದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತೆ, ಮೂರು ಸೋಲಾದರೆ ಸಾವು. ಇಬ್ಬರು ಆ ಕಡೆ ಬಾಗಿಲಲ್ಲಿ ಸಿಕ್ಕಾಕ್ಕೊಂಡಿದ್ದರು. ಕ್ಲೆರಿಕ್ ಪಕ್ಕದಲ್ಲೇ ಇದ್ದಾನೆ, ಕೈಯಳತೆಯಲ್ಲಿ. ಮುಟ್ಟಿದರೆ ಇವನು ಬದುಕ್ತಾನೆ, ಅವನ ಮಂತ್ರಗಳೆಲ್ಲಾ ಹೋಗುತ್ತೆ. "ಮುಂದೆ ದೊಡ್ಡ ಫೈಟ್ ಇದೆ ಮಗಾ, ಎಲ್ಲಾ ಹೋದರೆ ಎಲ್ಲರೂ ಸಾಯ್ತೀವಿ, ಇನ್ನೊಂದು ರೌಂಡ್ ನೋಡೋಣ" ಅಂದ ಆ ಕ್ಲೆರಿಕ್ ಆಡ್ತಿದ್ದ ಹುಡುಗ. ದಾಳ ಬಿತ್ತು, 7. ಇನ್ನೊಂದು ರೌಂಡ್. 13. ಇನ್ನೊಂದು. 4. ನಾನು ಅಡುಗೆಮನೆ ಬಾಗಿಲಲ್ಲಿ ಟೀ ತಟ್ಟೆ ಹಿಡ್ಕೊಂಡು ನಿಂತಿದ್ದೆ. ನಾಲ್ಕನೇ ಸಲ 9.

"ಸಾರಿ ಮಗಾ" ಅಂದರು ಎಲ್ಲರೂ. ನಿಜವಾಗಲೂ ಬೇಜಾರಾಗಿತ್ತು ಅವರಿಗೆ. ಟೀ ಕುಡಿದರು. ಬೇರೆ ಪಾತ್ರ ಮಾಡ್ಕೊ ಅಂದರು.

ಆ ಕ್ಲೆರಿಕ್ ಆಡಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಲೆಕ್ಕ ಹಾಕಿದ, ಆ ನಿಯಮದ ಒಳಗೆ ಲೆಕ್ಕ ಸರಿಯಾಗೇ ಇತ್ತು. ಜಾತಿ ಕೆಲಸ ಮಾಡೋದೇ ಹೀಗೆ. ಯಾರೂ ಹಲ್ಲು ಕಡೀಬೇಕಿಲ್ಲ, ಯಾರೂ ಕೊಡಲಿ ಎತ್ತಬೇಕಿಲ್ಲ. ಮುಟ್ಟೋನಿಗೆ ನಷ್ಟ ಆಗೋ ಹಾಗೆ ಒಂದು ನಿಯಮ ಬರೆದಿಟ್ಟರೆ ಸಾಕು, ಒಳ್ಳೆಯವರು ತಾವೇ ದೂರ ನಿಂತ್ಕೊತಾರೆ, ನಮ್ಮ ಜೀವಕ್ಕಿಂತ ಮುಂದಿನ ಫೈಟ್ ಮುಖ್ಯ ಆಗುತ್ತೆ. ದಲಿತರ ಮನೆ ಹೆಣ್ಣು ತಂದ ಮಗನನ್ನ ಹೊರಗಿಟ್ಟ ಅಪ್ಪಂದಿರನ್ನ ಕೇಳಿ ನೋಡಿ. "ನನಗೇನಿಲ್ಲ, ಸಂಬಂಧಿಕರು ಸುಮ್ಮನಿರಲ್ಲ" ಅಂತಾರೆ. ಅದೇ ಲೆಕ್ಕ.

ಮುಂದಿನ ಸಲ ಡಿಎಂ ಬಂದಾಗ ಕೂರಿಸಿಕೊಂಡು ಕೇಳಿದೆ. ಎರಡು ಉತ್ತರ ಕೊಟ್ಟ. ಒಂದು, ರಿಯಲಿಸ್ಟಿಕ್ ಆಗಿರಲಿ ಅಂತ. ನಾನು ಕೇಳಿದೆ, ಏನಪ್ಪಾ, ನಿನ್ನ ಲೋಕದಲ್ಲಿ ಹಲ್ಲಿ ಆನೆ ಗಾತ್ರ ಆಗಿ ರೆಕ್ಕೆ ಬಡಿದು ಬೆಂಕಿ ಉಗುಳುತ್ತೆ, ಸತ್ತವನು ಎದ್ದು ಬರ್ತಾನೆ, ಅದಕ್ಕೆಲ್ಲಾ ರಿಯಲಿಸಂ ಬೇಕಿಲ್ಲ. ಹೊಲೆಮಾದಿಗರ ಹುಡುಗ ಮಂತ್ರ ಹೇಳಿದಾಗ ಮಾತ್ರ ರಿಯಲಿಸಂ ನೆನಪಾಯ್ತಾ? ಅವನು ತಲೆ ತಗ್ಗಿಸಿದ. ನಾನು ಸ್ವಲ್ಪ ಜೋರಾದೆ ಅನ್ಸುತ್ತೆ.

ಎರಡನೇ ಉತ್ತರ ಗಟ್ಟಿಯಾಗಿತ್ತು, ಅದಕ್ಕೆ ಮರ್ಯಾದೆ ಕೊಟ್ಟೇ ಉತ್ತರ ಹೇಳ್ಬೇಕು. "ಅಂಕಲ್, ಜಾತಿನ ತೋರಿಸದೆ ಹೇಗೆ ಟೀಕೆ ಮಾಡೋದು? ಕಥೇಲಿ ಅನ್ಯಾಯ ಇದ್ರೆ ತಾನೇ ಅದರ ವಿರುದ್ಧ ಹೋರಾಡೋಕಾಗೋದು?" ನಿಜ. ಕಥೇಲಿ ಜಾತಿ ಇರಲಿ. ಗುಡಿ ಬಾಗಿಲಲ್ಲಿ ತಡೆಯೋ ಪೂಜಾರಿ ಇರಲಿ, ಅವನಿಗೆ ಬಡಿಯೋ ಅವಕಾಶ ನಮ್ಮ ಹುಡುಗನಿಗೂ ಇರಲಿ. ಆದರೆ ನೀನು ಮಾಡಿದ್ದು ಅದಲ್ಲ ಕಣಪ್ಪಾ ಅಂದೆ. ನಮ್ಮ ಈ ಲೋಕದಲ್ಲಿ ಮೈಲಿಗೆ ಅನ್ನೋದು ಸುಳ್ಳು. ಮುಟ್ಟಿದರೆ ಏನೂ ಆಗಲ್ಲ. ಸಾವಿರಾರು ವರ್ಷದಿಂದ ಅವರು ಹೇಳ್ತಿರೋದು ಸುಳ್ಳು, ಅದು ಸುಳ್ಳು ಅಂತ ಸಾಬೀತು ಮಾಡೋಕೆ ಒಂದು ಸಲ ಮುಟ್ಟಿದರೆ ಸಾಕು. ಅದಕ್ಕೇ ಮುಟ್ಟೋದಕ್ಕೆ ಅಷ್ಟು ಭಯ. ಆದರೆ ನಿನ್ನ ಮೇಜಿನ ಮೇಲೆ ಮುಟ್ಟಿದರೆ ನಿಜವಾಗಲೂ ಮಂತ್ರ ಹೋಗುತ್ತೆ! ಅಲ್ಲಿ ಪೂಜಾರಿ ಸುಳ್ಳು ಹೇಳ್ತಿಲ್ಲ. ದೇವರೇ ಮುನಿಸಿಕೊಳ್ತಾನೆ. ಬೆಂಕಿ ಸುಡೋ ಹಾಗೆ, ಕಲ್ಲು ಕೆಳಗೆ ಬೀಳೋ ಹಾಗೆ, ಅಲ್ಲಿ ಅಸ್ಪೃಶ್ಯತೆ ಪ್ರಕೃತಿ ನಿಯಮ. ಅದನ್ನ ಯಾವ ಹೋರಾಟಗಾರ ಸೋಲಿಸ್ತಾನೆ? ಮನುವೂ ಇಷ್ಟು ಮಾಡೋಕಾಗಲಿಲ್ಲ. ಅವನು ಬರೆದಿಟ್ಟು ಹೋದ, ಅದನ್ನ ಜಾರಿ ಮಾಡೋಕೆ ದೊಣ್ಣೆ ಬೇಕಾಯ್ತು. ನಿನ್ನ ನಿಯಮಕ್ಕೆ ದೊಣ್ಣೆನೂ ಬೇಡ.

ಆ ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. "ಹೀಗೆ ಯೋಚಿಸಿರಲಿಲ್ಲ ಅಂಕಲ್" ಅಂದ. ಇಪ್ಪತ್ತು ವರ್ಷದ ಹುಡುಗ ಯೋಚಿಸಿರಲಿಲ್ಲ ಅಂದರೆ ಒಪ್ಕೋತೀನಿ.

ಪುಸ್ತಕ ಮಾಡಿದವರು ಸಾಚಾ ಅಂತ ನಾನು ಹೇಳ್ತಿಲ್ಲ. ಹುಡುಗನ ಹತ್ರ ಕೇಳಿ, ಹುಡುಕಿ ಓದಿದೆ. 1978ರ ಪುಸ್ತಕದಲ್ಲಿ ಡ್ವಾರ್ಫ್, ಎಲ್ಫ್ ಅಂತ ಹುಟ್ಟಿದ ಪಾತ್ರ ತಗೊಂಡ ಆಟಗಾರ ಕ್ಲೆರಿಕ್ ಆಗೋ ಹಾಗೇ ಇರಲಿಲ್ಲ. ಅರ್ಧ ಓರ್ಕ್ ಆದರೆ ನಾಲ್ಕನೇ ಹಂತಕ್ಕೆ ಬಾಗಿಲು ಬಂದ್. ಮನುಷ್ಯರಿಗೆ ಮಾತ್ರ ಮಿತಿ ಇಲ್ಲ. ನಮ್ಮ ಕಚೇರಿ ಪ್ರಮೋಷನ್ ಪಟ್ಟಿ ನೋಡಿದ ಹಾಗಾಯ್ತು ನನಗೆ. 2000ದಲ್ಲಿ ಮೂರನೇ ಆವೃತ್ತಿ ಬಂದಾಗ ಅದನ್ನೆಲ್ಲಾ ಕಿತ್ತು ಹಾಕಿದರು, ಯಾರು ಬೇಕಾದರೂ ಕ್ಲೆರಿಕ್ ಆಗಬಹುದು, ಎಷ್ಟು ಎತ್ತರಕ್ಕೆ ಬೇಕಾದರೂ ಹೋಗಬಹುದು. 2024ರ ಪುಸ್ತಕದಲ್ಲಿ ರೇಸ್ ಅನ್ನೋ ಪದವನ್ನೇ ತೆಗೆದಿದ್ದಾರೆ. ಆಟ ಮುರಿದು ಬೀಳಲಿಲ್ಲ, ಡ್ರ್ಯಾಗನ್ ಇನ್ನೂ ಹಾರ್ತಿದೆ. 1980ರ ಅವರ ಒಂದು ದೇವತೆಗಳ ಪುಸ್ತಕದಲ್ಲಿ ಇಂದ್ರ, ಅಗ್ನಿ, ವರುಣ ಎಲ್ಲಾ ಇದ್ದಾರೆ. ಮಾರಮ್ಮ ಇಲ್ಲ. ಅಲ್ಲಿಗೂ ಯಾರು ಮೊದಲು ತಲುಪಿದರು ನೋಡಿ.

ಇನ್ನೊಂದು ವಿಷಯ ಇದೆ. ಆ 2014ರ ಪುಸ್ತಕದಲ್ಲೇ, ಗುಡಿಯಲ್ಲಿ ಪೂಜೆ ಮಾಡೋರೆಲ್ಲಾ ಕ್ಲೆರಿಕ್ ಅಲ್ಲ ಅನ್ನೋ ಅರ್ಥದ ಮಾತಿದೆ. ಗಂಟೆ ಹೊಡೆಯೋ ಕೆಲಸ ಬೇರೆ, ಶಕ್ತಿ ಇರೋದು ಬೇರೆ. ಕ್ಲೆರಿಕ್‌ನ ಮಂತ್ರಬಲ ನಿಂತಿರೋದು ವಿವೇಕ ಅನ್ನೋ ಅಂಕದ ಮೇಲೆ, ಅವನು ಎಷ್ಟು ಹಂತ ದಾಟಿ ಬಂದಿದ್ದಾನೆ ಅನ್ನೋದರ ಮೇಲೆ. ಅಪ್ಪ ಯಾರು ಅಂತ ಕೇಳೋ ಖಾನೆಯೇ ಇಲ್ಲ. ಬಾಬಾಸಾಹೇಬರು ಲಾಹೋರಿನ ಸಭೆಗೆ ಬರೆದು, ಅವರು ಸಭೆಯನ್ನೇ ರದ್ದು ಮಾಡಿದ್ದಕ್ಕೆ 1936ರಲ್ಲಿ ತಾವೇ ಅಚ್ಚು ಹಾಕಿಸಿದ ಜಾತಿ ವಿನಾಶ ಭಾಷಣದಲ್ಲಿ ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಪೂಜಾರಿಕೆ ವಂಶದಿಂದ ಬರಬಾರದು, ಸರ್ಕಾರ ಪರೀಕ್ಷೆ ಮಾಡಿ ಸನದು ಕೊಡಬೇಕು, ಹಿಂದೂ ಅನ್ನೋ ಯಾರಿಗಾದರೂ ಅದು ತೆರೆದಿರಬೇಕು. ಅದಾಗಿ ಎಷ್ಟು ಕಾಲ ಆಯ್ತು ಲೆಕ್ಕ ಹಾಕಿ. ಕೇರಳದಲ್ಲಿ ಬ್ರಾಹ್ಮಣನಲ್ಲದವನು ಅರ್ಚಕ ಆಗಬಹುದು ಅಂತ ಸುಪ್ರೀಂ ಕೋರ್ಟ್ ಹೇಳೋಕೆ 2002 ಬರಬೇಕಾಯ್ತು. ತಿರುವಾಂಕೂರು ದೇವಸ್ವಂ ಗುಡಿಗಳಿಗೆ 6 ಜನ ದಲಿತರು ಅರ್ಚಕರಾಗಿ ಆಯ್ಕೆ ಆಗೋಕೆ 2017. ತಮಿಳುನಾಡು 2021ರಲ್ಲಿ ಬೇರೆ ಬೇರೆ ಜಾತಿಯ, ತರಬೇತಿ ಪಡೆದವರನ್ನ ನೇಮಿಸಿತು, ಅದಕ್ಕೂ ಕೇಸು. ಆಟದವರು ಇಪ್ಪತ್ತೆರಡು ವರ್ಷದಲ್ಲಿ ಬಿಟ್ಟುಕೊಟ್ಟರು.

ನಮ್ಮ ಕೆಲವು ಸಂಗಾತಿಗಳು ಈಗಾಗಲೇ ಫೋನಲ್ಲಿ ಬೈದಿದ್ದಾರೆ. "ಬುದ್ಧನ ದಾರಿ ಹಿಡಿದೋನು ನೀನು, ಪೂಜಾರಿಕೆ ಯಾಕೆ ಬೇಕು ನಿನ್ನ ಹುಡುಗನಿಗೆ?" ನನಗೆ ಬೇಡ ಅಣ್ಣಾ. ಮಹಾಡ್‌ನಲ್ಲಿ 1927ರಲ್ಲಿ ಬಾಬಾಸಾಹೇಬರು ಕೆರೆಗೆ ಇಳಿದದ್ದು ಆ ನೀರು ಸಿಹಿ ಅಂತಲಾ? 1930ರಲ್ಲಿ ನಾಸಿಕದ ಕಾಳಾರಾಮ ಗುಡಿ ಮುಂದೆ ಕೂತದ್ದು ರಾಮನ ದರ್ಶನಕ್ಕಾ? ಬೇಡ ಅನ್ನೋ ಹಕ್ಕು ಇರೋದು ಬಾಗಿಲು ತೆರೆದಿರೋನಿಗೆ ಮಾತ್ರ. ಮುಚ್ಚಿದ ಬಾಗಿಲ ಮುಂದೆ ನಿಂತು ನನಗೆ ಬೇಡ ಅಂದರೆ ಒಳಗಿರೋರು ನಗ್ತಾರೆ.

ಆಮೇಲೆ ಈ ಹೌಸ್ ರೂಲ್ಸ್ ಅನ್ನೋ ಪದ. ನಾನು ಗುಮಾಸ್ತ, ಇಪ್ಪತ್ತು ವರ್ಷದಿಂದ ಕಾಯ್ದೆ, ನಿಯಮ, ಸುತ್ತೋಲೆ ಇದರಲ್ಲೇ ಬದುಕು. ಕಾಯ್ದೆಗೆ ವಿರುದ್ಧ ಇರೋ ಸುತ್ತೋಲೆ ನಿಲ್ಲಲ್ಲ ಅಂತ ಕಚೇರಿಗೆ ಸೇರಿದ ಹೊಸ ಹುಡುಗನಿಗೂ ಗೊತ್ತು. ದೇಶಕ್ಕೆ ಒಂದು ದೊಡ್ಡ ಪುಸ್ತಕ ಇದೆ, 1950ರಿಂದ ಜಾರಿಯಲ್ಲಿದೆ, ಅದರ 17ನೇ ವಿಧಿ ಅಸ್ಪೃಶ್ಯತೆಯನ್ನ ತೆಗೆದುಹಾಕಿದೆ. ಆದರೆ ನಮ್ಮ ಮೇಲೆ ನಡೆಯೋದೆಲ್ಲಾ ಹೌಸ್ ರೂಲ್ಸಲ್ಲೇ ಅಲ್ವಾ? ಬಾಡಿಗೆ ಮನೆ ಹುಡುಕಿದಾಗ "ಬೇರೇನಿಲ್ಲ ಸಾರ್, ವೆಜ್ ಆದರೆ ಮಾತ್ರ, ನಮ್ಮ ಮನೆ ಪದ್ಧತಿ." ಒಂದು ಕಚೇರಿಯಲ್ಲಿ ಆಯುಧಪೂಜೆ ದಿನ ಅರ್ಚಕರು ಎಲ್ಲರ ಕೈಗೂ ತೀರ್ಥದ ಉದ್ಧರಣೆ ತಾಗಿಸಿ ಕೊಟ್ಟರು, ನನ್ನ ಸರದಿ ಬಂದಾಗ ಒಂದು ಗೇಣು ಮೇಲಿಂದ ಬಿಟ್ಟರು. ತೀರ್ಥ ಅಂಗಿ ತೋಳಿನ ಮೇಲೆ ಬಿತ್ತು. ಯಾರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಯಾವ ಸುತ್ತೋಲೆಯಲ್ಲೂ ಇಲ್ಲ. ಪುಸ್ತಕ ಬದಲಾಯಿಸೋದು ಸುಲಭ ಗೆಳೆಯರೇ, ಮನೆ ಪದ್ಧತಿ ಟೈಪ್ ಮಾಡಿರೋ ಹಾಳೆ ಎಲ್ಲಿ ಅಂತ ಹುಡುಕೋದೇ ಕಷ್ಟ. ಈ ಡಿಎಂ ಹುಡುಗ ಪಾಪ ಅದನ್ನ ಪ್ರಿಂಟ್ ತೆಗೆದು ತಂದಿದ್ದ, ಅದಕ್ಕೇ ಸಿಕ್ಕಿಬಿದ್ದ.

ಈ ಪೋಸ್ಟ್ ಹಾಕ್ತೀನಿ ಅಂದಾಗ ನಮ್ಮ ಹುಡುಗ ಬೇಡ ಅಂದ. "ಮಾವ, ನಿಮಗೆ ಐದು ಸಾವಿರ ಫಾಲೋವರ್ಸ್ ಇದ್ದಾರೆ. ನನಗೆ ಕಾಲೇಜಲ್ಲಿ ಇರೋದು ಈ ನಾಲ್ಕು ಜನ." ಈ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಒಂದು ವಾರ ಸುಮ್ಮನಿದ್ದೆ. ಆಮೇಲೆ ಅವನೇ ಬಂದು ಯಾರ ಹೆಸರೂ, ಕಾಲೇಜಿನ ಹೆಸರೂ ಬರಬಾರದು ಅಂತ ಷರತ್ತು ಹಾಕಿ ಒಪ್ಪಿದ. ಡಿಎಂ ಹುಡುಗನಿಗೂ ತೋರಿಸಿಯೇ ಹಾಕ್ತಿದ್ದೀನಿ. ಕಾಮೆಂಟಲ್ಲಿ ಯಾರೂ ಆ ಹುಡುಗರು ಯಾರು ಅಂತ ಕೆದಕಬೇಡಿ, ಡಿಲೀಟ್ ಮಾಡ್ತೀನಿ.

ಡಿಎಂ ಆ ಮೂರು ನಿಯಮ ತೆಗೆದಿದ್ದಾನೆ. ಆದರೆ ಸತ್ತ ಅಸಾದಿ ವಾಪಸ್ ಬರೋ ಹಾಗಿಲ್ಲ ಅಂತ ನಮ್ಮ ಹುಡುಗನೇ ಹಟ ಹಿಡಿದಿದ್ದಾನೆ, ಸತ್ತದ್ದು ಸತ್ತದ್ದೇ ಅಂತೆ. ಬರೋ ಭಾನುವಾರ ಅವನ ಮಗಳು ಬರ್ತಾಳಂತೆ, ಕ್ಲೆರಿಕ್, ಮೊದಲನೇ ಹಂತ, ಸೊಂಟಕ್ಕೆ ಅಪ್ಪನ ತಮಟೆ. ಮೊದಲ ಮಂತ್ರ ಯಾವುದು ಅಂತ ಕೇಳಿದೆ. "ಕ್ಯೂರ್ ವೂಂಡ್ಸ್" ಅಂದ.

ನಿಮ್ಮ ಮನೆ ಮಕ್ಕಳು ಈ ಆಟ ಆಡ್ತಿದ್ದರೆ ಅವರ ಮೇಜಿನ ಹೌಸ್ ರೂಲ್ಸ್ ಹಾಳೆ ಒಂದು ಸಲ ಓದಿ ನೋಡಿ. ಹಳೇ ಪುಸ್ತಕ, ದಾಳ ಯಾರ ಹತ್ರ ಆದರೂ ಇದ್ದರೆ ಮೆಸೇಜ್ ಮಾಡಿ. ನಮ್ಮ ಊರಿನ ಹಾಸ್ಟೆಲ್ ಹುಡುಗ ಹುಡುಗೀರಿಗೆ ಕಲಿಸ್ತೀನಿ ಅಂತ ಇವನು ಹೇಳಿದ್ದಾನೆ, ಮೂಲ ನಿಯಮಗಳು ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತಂತೆ, ದಾಳ ಮಾತ್ರ ದುಬಾರಿ.

ಜೈಭೀಮ್.